ಹನುಮಪ್ಪ ಕೇಳದ ಚಾವಣಿ

ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ರಾಯಚೂರಿಗೆ ಬಂದು ನಾನು ಕೆಲಸವಿಲ್ಲದೆ ತಿರುಗುತ್ತಿದ್ದ ವರ್ಷ, ಮಾನ್ವಿಯಲ್ಲಿದ್ದ ನನ್ನ ಸೋದರಮಾವ ಹನುಮಪ್ಪ ದೇವರಿಗೆ ಚಾವಣಿ ಹಾಕಿಸಲು ಹೊರಟಿದ್ದ. ನಲವತ್ತರ ದಶಕದ ನಡುವಿನ ಮಾತು; ಯುದ್ಧ ಮುಗಿದಿತ್ತೋ ಇನ್ನೂ ನಡೆದಿತ್ತೋ, ಈಗ ಖಾತ್ರಿಯಿಲ್ಲ. ಹನುಮಪ್ಪ ಊರ ಹೊರಗೆ ಬಯಲಲ್ಲಿ ನಿಂತ ದೇವರು. ನಮ್ಮ ಕಡೆಯ ಬಿಸಿಲನ್ನು ತಲೆತಲಾಂತರದಿಂದ ತಡೆದುಕೊಂಡಿದ್ದ; ಮಾವನಿಗೆ ಮಾತ್ರ ಅದನ್ನು ನೋಡಿ ತಡೆಯಲಾಗಲಿಲ್ಲ.

ಕೆಲಸ ಶುರುವಾದದ್ದೇ ತಡ, ರಾಯಚೂರಿನಿಂದ ಕಲ್ಲಿನ ಚಪ್ಪಡಿ ತರುತ್ತಿದ್ದ ಬಂಡಿಯ ಅಚ್ಚು ಕಲ್ಲೂರಿನ ಹತ್ತಿರ ಮುರಿದು ಅರ್ಧ ಕಲ್ಲು ಒಡೆದವು. ದೇವದುರ್ಗದಿಂದ ಕರೆಸಿದ ಗೌಂಡಿ ಚಳಿಜ್ವರ ಹಿಡಿದು ತಿರುಗಿ ಹೋದ. ಅಡ್ಡಿ ಬಂದಷ್ಟೂ ಮಾವನ ಮುಖ ಅರಳುತ್ತಿತ್ತು. ದೇವರು ತನ್ನವರನ್ನೇ ಕಾಡುತ್ತಾನೆ ಎಂಬುದು ಅವನ ಸಿದ್ಧಾಂತ.

ಅದೇ ಹೊತ್ತಿಗೆ ಹನುಮಪ್ಪನ ಎದುರಿಗೆ ಒಂದು ಸೇಂದಿ ಅಂಗಡಿ ಎದ್ದಿತ್ತು. ಬುನಾದಿಯಿಂದ ಮೇಲಿನ ತಗಡಿನವರೆಗೆ ಒಂದು ಮೊಳೆಯೂ ಡೊಂಕಾಗಿರಲಿಲ್ಲ.

“ಆ ಅಂಗಡಿಯವನಿಗ್ಯಾಕ ಅಡ್ಡಿ ಬರಲಿಲ್ಲ ಮಾವಾ?” ಎಂದೆ.

“ಅವನ ಕಡಿ ದೇವರು ನೋಡೂದ ಬಿಟ್ಟಾನ.”

“ನಿನ್ನ ಕಡಿನೂ ಸ್ವಲ್ಪ ದಿನ ನೋಡೂದು ಬಿಟ್ರ ಗ್ವಾಡಿ ಏಳ್ತದ.”

“ಕಲ್ತು ಕೆಟ್ಟೀಯಲೇ,” ಎಂದು ನಕ್ಕ.

ಮಳೆಗೆ ಗೋಡೆ ಬಿದ್ದು, ಮತ್ತೆ ಕಟ್ಟಿಸಿದ್ದೂ ಬಿದ್ದಾಗ ಆ ನಗು ನಿಂತಿತು. ಮಾವ ಹನುಮಪ್ಪನ ಹತ್ತಿರ ಹೋಗುವುದನ್ನೇ ಬಿಟ್ಟ. ಶನಿವಾರದ ಒಪ್ಪತ್ತೂ ತಪ್ಪಿತು. “ಅಂವಾ ನನ್ನ ಬ್ಯಾಡ ಅಂದಾನ,” ಎಂದು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ದೇವರಿಲ್ಲವೆಂದು ನಾನು ಕಲಿತು ಬಂದಿದ್ದ ವಾದ, ದೇವರು ಕೈಬಿಟ್ಟನೆಂದು ಕೊರಗುವವನ ಮುಂದೆ ಕೆಲಸಕ್ಕೆ ಬರಲಿಲ್ಲ.

ಕೊನೆಗೆ, ಕೆಲಸ ಬಿಡಲೇನು ಎಂದು ಹೂ ಹಚ್ಚಿ ಕೇಳುತ್ತೇನೆ ಎಂದ. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದಾದರೆ ಇಲ್ಲ. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ನಮ್ಮಲ್ಲಿ ಹೀಗೆ ಕೇಳಿಯೇ ಕೈಹಾಕುತ್ತಿದ್ದರು. ಅಂದು ಹನುಮಪ್ಪನ ಮುಂದೆ ಹೂ ತೋಯಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದಳು.

“ಬಿಡ್ಲೇನು ಅಂತ ಕೇಳಾಕತ್ತೀರಿ. ಕಟ್ಲೇನು ಅಂತ ಯಾವಾಗ ಕೇಳಿದ್ರಿ?”

ಮಾವ ತಡವರಿಸಿದ. “ಚಾವಣಿ ಯಾರಿಗೆ ಬ್ಯಾಡಾಗಿರ್ತದ?”

“ಬಯಲಾಗ ನಿಂತಾಂವಗ ಬ್ಯಾಡಾಗಿರಬಹುದು. ಮೊದಲ ಅದನ್ನ ಕೇಳ್ರಿ.”

“ಕಟ್ಲೇನು?” ಎಂದೇ ಕೇಳಿದರು. ಹೂ ಬಿತ್ತು. ಬಲಕ್ಕೆ ಬಿತ್ತೆಂದೇ ನನ್ನ ನೆನಪು. ಎಡಕ್ಕೆ ಎಂದು ಅವರಿಬ್ಬರೂ ಒಪ್ಪಿದರು. ಎದುರು ನಿಂತವನ ಬಲ ದೇವರ ಎಡ ಎಂಬುದು ಪದವೀಧರನಿಗೆ ಹೊಳೆದದ್ದು ಮನೆಗೆ ಬಂದು ಊಟಕ್ಕೆ ಕೂತಾಗ.

ಬೇಡ ಎನಿಸಿಕೊಂಡ ಮಾವ ಹಗುರಾಗಿಬಿಟ್ಟ. “ಬ್ಯಾಡಾಗಿದ್ದು ಚಾವಣಿ, ನಾ ಅಲ್ಲ,” ಎಂದು ದಾರಿಯುದ್ದಕ್ಕೂ ಹೇಳಿದ್ದ. ತನ್ನವನೆಂದು ಇಷ್ಟು ದಿನ ಕಾಡಿದ ದೇವರು ಈಗ ತನ್ನವನೆಂದೇ ತಡೆದಿದ್ದ. ಏನೇ ನಡೆದರೂ ಅದಕ್ಕೆ ಹೊಂದಿಕೊಳ್ಳುವ ಸಿದ್ಧಾಂತ ಸಿದ್ಧಾಂತವೇ ಅಲ್ಲ ಎಂದು ನನಗೆ ಕಲಿಸಿದ್ದರು. ಅಂದು ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಹೇಳಿರಲಾರೆ ಎಂದುಕೊಳ್ಳುತ್ತೇನೆ.

ಉಳಿದ ಚಪ್ಪಡಿಗಳಿಂದ ಮಾವ ಹನುಮಪ್ಪನ ಮುಂದೆ ಒಂದು ಕಟ್ಟೆ ಮಾಡಿಸಿದ, ಹೂ ಹಚ್ಚಿ ಕೇಳಿಯೇ. ಆ ಕೆಲಸಕ್ಕೆ ಒಂದು ಅಡ್ಡಿಯೂ ಬರಲಿಲ್ಲ. ಸಂಜೆಯಾದರೆ ಸೇಂದಿ ಅಂಗಡಿಯ ಗಿರಾಕಿಗಳು ಅದರ ಮೇಲೆ ಸಾಲಾಗಿ ಕೂಡುತ್ತಿದ್ದರು. “ಸ್ವಲ್ಪ ಸರೀರಿ,” ಎಂದು ಮಾವ ಅವರ ನಡುವೆ ಜಾಗ ಮಾಡಿಕೊಂಡು, ದೇವರಿಗೆ ಎದುರಾಗಿ ಕೂತಿರುತ್ತಿದ್ದ.