ನಿರ್ದೇಶಕರ ಸೂರಿನ ಒಕ್ಕಲು

ಮದುವೆಯಾಗಿ ಬಂದ ಹೊಸತರಲ್ಲಿ ಮೈದುನ ತಮಾಷೆಗೆ ಇಟ್ಟ ಹೆಸರು ‘ಬಾವಲಿ ಅತ್ತಿಗೆ’. ಅದು ಬೀದಿಗೆಲ್ಲ ಹಬ್ಬಿ, ಈಗ ಹಾಲಿನವನೂ ಹಾಗೆಯೇ ಗುರುತು ಹೇಳುತ್ತಿದ್ದ. ಅವಳಿಗೇನೂ ಬೇಸರವಿರಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿಕೊಂಡು, ಸರ್ಕಾರದ ಜೀವವೈವಿಧ್ಯ ಸಂರಕ್ಷಣಾ ಕಚೇರಿಯ ಮಾಡಿನೊಳಗೆ ನೇತಾಡುತ್ತಿದ್ದ ಪುಟ್ಟ ಬಾವಲಿಗಳ ಹಿಂದೆ ವರ್ಷಗಟ್ಟಲೆ ಸಂಬಳವಿಲ್ಲದೆ ಬಿದ್ದವಳನ್ನು ಇನ್ನೇನೆಂದು ಕರೆಯಬೇಕು? ಸಂಜೆಯಾದರೆ ಕಾಂಪೌಂಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಕತ್ತು ಸೆಟೆಯುವ ತನಕ ಮೇಲೆ ನೋಡುತ್ತ ಎಣಿಸುತ್ತಿದ್ದಳು. ಅಷ್ಟು ಹೊತ್ತಿಗೆ ಸಂರಕ್ಷಕರೆಲ್ಲ ಮನೆ ಸೇರಿ ಟಿವಿ ಮುಂದೆ ಕಾಲು ಚಾಚಿರುತ್ತಿದ್ದರು. ವಾರ್ಷಿಕ ವರದಿಯಲ್ಲಿ ಅವಳ ಎಣಿಕೆ ತಪ್ಪದೆ ಅಚ್ಚಾಗುತ್ತಿತ್ತು, ನಿರ್ದೇಶಕರ ಹೆಸರಿನಲ್ಲಿ.

ಕಡೆಗೂ ಆ ಕಚೇರಿ ಬಾವಲಿ ಅಧ್ಯಯನಕ್ಕೆಂದು ಸಂಶೋಧನಾ ಸಹಾಯಕರ ಹುದ್ದೆಯೊಂದಕ್ಕೆ ಅರ್ಜಿ ಕರೆಯಿತು. ವಯೋಮಿತಿಯ ಅಂಚಿನಲ್ಲಿದ್ದ ಅವಳಿಗೆ ಇದೇ ಕೊನೆಯ ಅವಕಾಶ. ಇದು ಕೈತಪ್ಪಿದರೆ ಸರ್ಕಾರಿ ಕೆಲಸದ ಆಸೆಗೆ ಎಳ್ಳುನೀರು. ಅರ್ಜಿ ಹಾಕಿದ ಮೇಲೆ ಸುದ್ದಿ ತಿಳಿಯಿತು. ಪರವೂರಿನಿಂದ ಬರುವ ಆಯ್ಕೆ ಸಮಿತಿಯವರಿಗೆ ವಾಸನೆ ಬಡಿಯಬಾರದೆಂದು ನಿರ್ದೇಶಕರು ಮಾಡಿಗೆ ಹೊಗೆ ಹಾಕಿಸಿ, ಸಂದುಗಳಿಗೆಲ್ಲ ಸಿಮೆಂಟು ಮೆತ್ತಿಸಿದ್ದರು. ಬಾವಲಿ ತಜ್ಞರನ್ನು ಆರಿಸಲು ಬಾವಲಿಗಳನ್ನು ಓಡಿಸಿದ ಬುದ್ಧಿವಂತಿಕೆಗೆ ಯಾವ ಬಹುಮಾನವೂ ಸಾಲದು. ಅದೂ ಮರಿ ಹಾಕುವ ಕಾಲದಲ್ಲಿ.

ಆ ಸಂಜೆ ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು ಆಸುಪಾಸಿನ ಬೀದಿಗಳನ್ನೆಲ್ಲ ಸುತ್ತಿದಳು. ಕಚೇರಿಯ ಹಿಂದಿನ ಬಂಗಲೆಯ ಹಂಚಿನ ಸಂದಿಗೆ ತಾಯಿ ಬಾವಲಿಗಳು ಒಂದೊಂದಾಗಿ ನುಸುಳುತ್ತಿದ್ದವು. ಎದೆಗೆ ಕಚ್ಚಿಕೊಂಡ ಮರಿಗಳಿಗೆ ಇನ್ನೂ ರೋಮ ಬಂದಿರಲಿಲ್ಲ. ಬಂಗಲೆ ನಿರ್ದೇಶಕರದೇ. ಅವರ ಹೆಂಡತಿಗೆ ಮಂಡಿನೋವು ಬಂದಾಗಿನಿಂದ ಮಹಡಿಗೆ ಬೀಗ, ಮೇಲೆ ಹತ್ತಿ ನೋಡುವವರಿಲ್ಲ. ಬಾವಲಿ ಅತ್ತಿಗೆ ಇದನ್ನು ತನ್ನ ಗಂಡನಿಗೂ ಹೇಳದೆ ಬಾಯಿ ಹೊಲಿದುಕೊಂಡಳು.

ಸಂದರ್ಶನದ ದಿನ ಮಗುವಿನ ಮೈ ಬೆಚ್ಚಗಿದೆ ಎಂದು ಅವಳಿಗೆ ಅನುಮಾನ. ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ಅಂಗಾಲು ಮುಟ್ಟಿದಳು. ನೀನು ಮುಟ್ಟಿ ಮುಟ್ಟಿಯೇ ಅದಕ್ಕೆ ಜ್ವರ ತರಿಸ್ತೀಯ ಎಂದು ಗದರಿ, ಅತ್ತೆ ಮಗುವನ್ನು ಕಿತ್ತುಕೊಂಡು ತಾವೂ ಹೊರಟರು. ಬೆಳಿಗ್ಗೆಯೇ ಬರಹೇಳಿದವರು ಸಂಜೆಯ ತನಕ ಕಾರಿಡಾರಿನ ಬೆಂಚಿನಲ್ಲಿ ಕೊಳೆಹಾಕಿದರು. ಹೊಗೆ ಹಾಕಿಸಿಕೊಂಡರೂ ಇವರ ಕಚೇರಿ ಫಿನಾಯಿಲ್ ನಾತ ಹೊಡೀತಿದೆ ಎಂದು ಅತ್ತೆ ಹೋಗಿಬರುವವರಿಗೆಲ್ಲ ಕೇಳುವಂತೆ ಗೊಣಗಿದರು.

ಒಳಗೆ ಗೋಡೆ ತುಂಬ ‘ಬಾವಲಿ ನಮ್ಮ ಮಿತ್ರ’ ಎಂಬ ಬ್ಯಾನರು. ಅದರ ಕೆಳಗೆ ಮೂವರು ಆಸೀನರಾಗಿದ್ದರು. ನಿವೃತ್ತ ಪ್ರೊಫೆಸರರು ತೂಕಡಿಸುತ್ತಿದ್ದರು. ಸಿಬ್ಬಂದಿ ವಿಭಾಗದ ಮೇಡಂ ಬಾವಲಿಯ ವಿಷಯ ಒಂದನ್ನೂ ಕೇಳದೆ, ನೀವು ಫೀಲ್ಡಿಗೆ ಹೋದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬಗೆಬಗೆಯಾಗಿ ಕೇಳಿದರು. ಕೊನೆಗೆ ನಿರ್ದೇಶಕರು ಕನ್ನಡಕ ಒರೆಸುತ್ತ ತಕರಾರು ತೆಗೆದರು. ಅವಳ ಅನುಭವವೆಲ್ಲ ಈ ಕಟ್ಟಡದ ಬಾವಲಿಗಳ ಮೇಲೆ. ಕಟ್ಟಡದಲ್ಲಿ ಈಗ ಬಾವಲಿಯೇ ಇಲ್ಲ. ಇಲ್ಲದ್ದನ್ನು ಸಮಿತಿ ಪರಿಶೀಲಿಸುವುದಾದರೂ ಹೇಗೆ?

“ನೀವೇ ಓಡಿಸಿದ್ರಲ್ಲ ಸರ್,” ಎಂದಳು.

“ಓಡಿಸಿಲ್ಲಮ್ಮ, ಸ್ಥಳಾಂತರ. ಫೈಲಲ್ಲಿ ಹಾಗೇ ಇದೆ.” ಅವರು ಪೆನ್ನಿನ ಮುಚ್ಚಳ ತೆಗೆದರು. “ಅಷ್ಟು ವರ್ಷ ನೋಡಿದೀನಿ ಅಂತೀರ. ಎಲ್ಲಿಗೆ ಹೋಗಿವೆ ಅಂತ ಹೇಳಿ ನೋಡೋಣ. ಹೇಳಿದ್ರೆ ಅನುಭವ ಇದೆ ಅಂತ ಬರ್ಕೋತೀನಿ. ನಾಳೆನೇ ಜನ ಕಳಿಸಿ ಅಲ್ಲೂ ವ್ಯವಸ್ಥೆ ಮಾಡಿಸಿದರಾಯ್ತು.”

ವ್ಯವಸ್ಥೆಯೆಂದರೆ ಹೊಗೆ. ಹೊರಗೆ ಮಗಳು ರಚ್ಚೆ ಹಿಡಿದು ಅಳುತ್ತಿದ್ದಳು. ಒಳಗೆ ತಾಯಿಯ ಎದೆ ಬಿಗಿದು, ಹಾಲು ಸೋರಿ ರವಿಕೆ ಒದ್ದೆಯಾಯಿತು, ಸೆರಗು ಎಳೆದುಕೊಂಡಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಪೆನ್ನು ಕಾಯುತ್ತಿತ್ತು.

“ಗೊತ್ತಿಲ್ಲ ಸರ್.”

ಹಾಗಾದರೆ ಅನುಭವ ಸೊನ್ನೆ ಎಂದು ನಿರ್ದೇಶಕರು ಬರೆದುಕೊಂಡರು. ಸೊನ್ನೆಯನ್ನು ಬಹಳ ಅಚ್ಚುಕಟ್ಟಾಗಿ ಸುತ್ತಿದರು. ಆ ಕಚೇರಿಯಲ್ಲಿ ಅಷ್ಟು ಶ್ರದ್ಧೆಯಿಂದ ನಡೆದ ಕೆಲಸವನ್ನು ಅವಳು ನೋಡಿದ್ದು ಅದೇ ಮೊದಲು.

ಬೆಂಚಿನಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತ ಅತ್ತೆಗೆ ನಡೆದದ್ದಷ್ಟನ್ನೂ ಹೇಳಿದಳು, ಬಾವಲಿ ಸೇರಿದ ಜಾಗವೊಂದನ್ನು ಬಿಟ್ಟು. ಕೇಳಿದ ಅತ್ತೆ, ಎಣಿಸೋದು ಬರತ್ತೆ, ಬೇಕಾದಾಗ ಬಾಯಿ ಬಿಡೋದು ಬರಲ್ಲ ಎಂದು ದಾರಿಯುದ್ದಕ್ಕೂ ಶುರುಹಚ್ಚಿಕೊಂಡರು.

ಬಂಗಲೆಯ ಹತ್ತಿರ ಬಂದಾಗ ಮಬ್ಬುಗತ್ತಲು. ಹಂಚಿನ ಸಂದಿಯಿಂದ ಬಾವಲಿಗಳು ಸುರುಸುರು ಉದುರಿದಂತೆ ಹೊರಬಿದ್ದವು. ಕೆಳಗೆ ಹಗ್ಗದ ಮೇಲೆ ನಿರ್ದೇಶಕರ ಬಿಳಿ ಅಂಗಿಗಳು ಸಾಲಾಗಿ ಒಣಗುತ್ತಿದ್ದವು. ಅತ್ತೆ ಮಾತು ನಿಲ್ಲಿಸಿ, ಮೇಲೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿದರು.

“ಇದನ್ನೇನಾ ನೀನು ಗೊತ್ತಿಲ್ಲ ಅಂದಿದ್ದು?”

“ಮರಿಗಳಿವೆ ಅತ್ತೆ.”

ಅತ್ತೆಗೆ ಬಾವಲಿ ಎಂದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಸೆರಗನ್ನು ತಲೆಯ ತುಂಬ ಹೊದ್ದುಕೊಂಡು ಹಗ್ಗದತ್ತ ಕಣ್ಣು ಹಾಯಿಸಿದರು. ಮೊದಲ ಹಿಕ್ಕೆ ಅಂಗಿಯ ಕಾಲರಿಗೇ ಬಿತ್ತು.

ಬಟ್ಟೆ ಒಳಗೆ ತಗೊಳ್ಳೋಕೆ ಹೇಳಿಬರಲೇ ಎಂದು ಅವಳು ಗೇಟಿನತ್ತ ತಿರುಗಿದಳು. ಅತ್ತೆ ಅವಳ ರಟ್ಟೆ ಹಿಡಿದರು.

“ಸುಮ್ನೆ ಬಾ. ಅದನ್ನ ನೋಡ್ಕೊಳ್ಳೋಕೇ ಸಹಾಯಕರನ್ನ ಇಟ್ಕೋತಿದಾರಲ್ಲ.”