ಹೌದು ಅನ್ನದ ಕ್ಯಾಪ್ಟನ್

ನಮ್ಮ ಕ್ಯಾಪ್ಟನ್‌ಗೆ ನಾವಿಟ್ಟ ಅಡ್ಡಹೆಸರು ಪಾರಾಯಣ ಸಾರ್. ಇಪ್ಪತ್ತಾರು ವರ್ಷ ವಿಮಾನ ಓಡಿಸಿದ ಮನುಷ್ಯ, ಆದರೂ ಏನಾದರೂ ಕೆಟ್ಟರೆ ಏನೇನು ಮಾಡಬೇಕು ಅನ್ನೋ ಪಟ್ಟಿಯ ಪ್ರತಿ ಸಾಲೂ ಗಟ್ಟಿಯಾಗಿ ಓದಬೇಕು, ಒಬ್ಬರು ಆ ಸ್ವಿಚ್ಚೋ ಲಿವರ್ರೋ ಮೇಲೆ ಕೈಯಿಡಬೇಕು, ಇನ್ನೊಬ್ಬರು ನೋಡಿ ಹೌದು ಅನ್ನಬೇಕು. ನಿಯಮ ಎಲ್ಲರಿಗೂ ಇದೆ, ಇಲ್ಲ ಅನ್ನಲ್ಲ. ಆದರೆ ಉಳಿದವರು ನೋಡೋಕೆ ಮೊದಲೇ ಹೌದು ಅಂದುಬಿಡ್ತಾರೆ. ಇವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡಿ, ಆಮೇಲೆ. ಮನೆಯಲ್ಲೂ ಇದೇ ಗೋಳಂತೆ. "ಗ್ಯಾಸ್ ಆರಿಸೋಕೂ ನನ್ನನ್ನ ಕರೀತಾರೆ ನೋಡಮ್ಮ, ಸಾಕಾಗಿಹೋಗಿದೆ" ಅಂತ ಅವರ ಹೆಂಡತಿಯೇ ತಲೆ ಚಚ್ಚಿಕೊಂಡಿದ್ದರು. ಇನ್ನು ಕೋ-ಪೈಲಟ್ ಆಗಿ ಪಕ್ಕದಲ್ಲಿ ಕೂತ ನನ್ನ ಗತಿ ಏನು ಹೇಳಿ!

ಅವತ್ತು ಹೊರಟು ನಲವತ್ತು ನಿಮಿಷವಾಗಿತ್ತು. ಎಡ ಎಂಜಿನ್ನಿನ ಆಯಿಲ್ ಒತ್ತಡ ಇಳಿಯತೊಡಗಿತು. ಬೇಗ ಆರಿಸದಿದ್ದರೆ ಅದು ಹಾಳಾಗುತ್ತೆ, ಆರಿಸಿದರೆ ಬಲಗಡೆಯದೊಂದರಲ್ಲೇ ಇಳೀಬಹುದು. ಹಿಂದೆ ನೂರ ನಲವತ್ತು ಜನ. ಇವರೋ, "ಪಟ್ಟಿ ತೆಗೀರಿ. ಮೊದಲಿಂದ ಓದಿ" ಅಂದರು.

ನನಗೆ ಪಿತ್ತ ನೆತ್ತಿಗೇರಿತು. ಬಾಯಿಪಾಠ ಇರೋದನ್ನ ಓದೋದೇನು! ಗಡಗಡ ಓದಿ, ಇಂಧನ ನಿಲ್ಲಿಸೋ ಲಿವರ್ ಮೇಲೆ ಕೈಯಿಟ್ಟು "ಎಡ ಎಂಜಿನ್" ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಎಡ ಎಂಜಿನ್, ಸಾರ್!"

"ಕೈ ನೋಡಿ ಹೇಳಿ."

"ಎಷ್ಟು ಸಲ ಹೇಳಲಿ ಸಾರ್? ಒತ್ತಡ ಸೊನ್ನೆಗೆ ಬರ್ತಿದೆ, ಒಂದು ಹೌದು ಅನ್ನಬಾರದಾ?"

"ಕೈ ನೋಡಮ್ಮ." ಅದುವರೆಗೆ ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದೇ ಇಲ್ಲ.

ನೋಡಿದೆ. ನನ್ನ ಕೈ ಬಲಗಡೆಯ ಲಿವರ್ ಮೇಲಿತ್ತು. ಚೆನ್ನಾಗಿ ಓಡುತ್ತಿದ್ದ ಎಂಜಿನ್ನಿನದು. ಪಕ್ಕದಲ್ಲಿ ಬೇರೆ ಯಾರಿದ್ದರೂ ಮೊದಲ ಸಲಕ್ಕೇ ಹೌದು ಅಂದಿರುತ್ತಿದ್ದರು, ನಾನು ಎಳೆದೇಬಿಡುತ್ತಿದ್ದೆ. ಕೈ ಸರಿಸಿ ಮತ್ತೆ ಹೇಳಿದೆ. ಅವರು ಬಗ್ಗಿ ನೋಡಿ "ಹೌದು" ಅಂದರು. ಆರಿಸಿದೆ.

ಹತ್ತಿರದ ನಿಲ್ದಾಣದಲ್ಲಿ ಅವರು ಸಲೀಸಾಗಿ ಇಳಿಸಿದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ, ಅದೇ ನನಗಿನ್ನೂ ಉರಿ. ಮೆಕ್ಯಾನಿಕ್ ಜೊತೆ ಮಾತಾಡಲು ಕೆಳಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ತಡವಾಯಿತು ಅಂತ ಗೊಣಗುತ್ತಾ ಜನ ಇಳಿದರು. ಹಿಂದೆಯೇ ಬಂದ ಅಜ್ಜಿಯೊಬ್ಬರು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಿನ್ನ ಕೈಗುಣ ದೊಡ್ಡದು ಮಗಳೇ. ನಮ್ಮನ್ನೆಲ್ಲ ಉಳಿಸಿದೆ."

"ನಾನಲ್ಲಮ್ಮ, ನಾನೇ ನಿಮ್ಮನ್ನ..." ಅಂದೆ.

"ನೋಡ್ರಪ್ಪ, ಎಷ್ಟು ವಿನಯ!" ಅಂತ ಮುಂದಿದ್ದವರಿಗೆಲ್ಲ ಹೇಳಿಕೊಂಡು ಅಜ್ಜಿ ಮೆಟ್ಟಿಲಿಳಿದರು.