ಮಂಚದ ಕಾಲಿಗೆ ಕಟ್ಟಿದ ಲ್ಯಾಪ್‌ಟಾಪ್

ಖಾಲಿ ಡಬ್ಬಗಳು ಒಂದರ ಹಿಂದೊಂದು ಠಣ ಠಣ ಬಡಿದುಕೊಂಡ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕೇರಳದ ಗಡಿಯಲ್ಲಿ, ಹೊಳೆಯ ಈಚೆ ದಡದಲ್ಲಿರುವ ನಮ್ಮ ಕೊಳವಳ್ಳಿಯಲ್ಲಿ ಗದ್ದೆಯ ಸುತ್ತ ತಂತಿ ಎಳೆದು ಅದಕ್ಕೆ ಹಳೆಯ ಪೇಂಟ್ ಡಬ್ಬಗಳನ್ನು ನೇತುಹಾಕಿರುತ್ತೇವೆ. ಆನೆ ತಂತಿ ಮುಟ್ಟಿದರೆ ಊರಿಗೆಲ್ಲ ಗೊತ್ತಾಗಬೇಕು. ಸದ್ದಾದ ಕೂಡಲೇ ಕೈಕಾಲು ಗಟ್ಟಿಯಿರುವವರೆಲ್ಲ ಕೂಗುತ್ತ ಓಡಬೇಕು, ಮನೆಯ ಬಾಗಿಲನ್ನು ಮಾತ್ರ ಹಾಕಬಾರದು. ಆನೆ ಅಟ್ಟಿಸಿಕೊಂಡು ಬಂದರೆ ಯಾರು ಯಾರ ಮನೆಗೆ ಬೇಕಾದರೂ ನುಗ್ಗಲಿ ಎಂದು. ಯಾರೂ ಬರೆದಿಡದ ಕಾನೂನು ಇದು. ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ, ಮಾತೆತ್ತಿದರೆ ಡಿಸಿಪ್ಲಿನ್ ಎನ್ನುವ ನಾನು ಈ ಕಾನೂನನ್ನೂ ಬಿಡದೆ ಪಾಲಿಸಿದೆ. ಆ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಓಡಿದೆ. ಗದ್ದೆಯಲ್ಲಿ ಆನೆಯ ಬಾಲವೂ ಇರಲಿಲ್ಲ. ತಂತಿಯ ಬುಡದಲ್ಲಿ ಇದ್ದದ್ದು ಹವಾಯಿ ಚಪ್ಪಲಿಯ ಗುರುತು. ಊರಿನ ಹಿರಿಯರು ಅದನ್ನು ಸುತ್ತುವರಿದು ನಿಂತು ಆನೆ ಎತ್ತ ಹೋಗಿರಬಹುದೆಂದು ಅರ್ಧ ಗಂಟೆ ಚರ್ಚಿಸಿದರು. ನಾನು ಮನೆಗೆ ಬಂದಾಗ ಲ್ಯಾಪ್‌ಟಾಪ್ ಇರಲಿಲ್ಲ.

ಅದನ್ನು ಕಾಯಲು ನಾನು ಮಾಡದ ಉಪಾಯವಿರಲಿಲ್ಲ. ಕೋಝಿಕ್ಕೋಡಿನ ಬ್ಯಾಂಕಿನಲ್ಲಿರುವ ತಂಗಿಯ ಮಗಳು ಫೋನಿನಲ್ಲೇ ಕ್ಲಾಸ್ ತೆಗೆದುಕೊಂಡಿದ್ದಳು, ನಾನು ಗುಡ್ ಗರ್ಲ್ ಆಗಿ ನೋಟ್ಸ್ ಬರೆದುಕೊಂಡಿದ್ದೆ. ಪಾಸ್‌ವರ್ಡ್ ಎಷ್ಟು ಉದ್ದವೆಂದರೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಚಹಾ ಆರುತ್ತಿತ್ತು. ಸೀರಿಯಲ್ ನಂಬರನ್ನು ಡೈರಿಯಲ್ಲಿ ದುಂಡಗೆ ಬರೆದಿಟ್ಟಿದ್ದೆ. ಕಳೆದುಹೋದರೆ ಎಲ್ಲಿದೆ ಎಂದು ಮ್ಯಾಪಿನಲ್ಲಿ ತೋರಿಸುವ ವ್ಯವಸ್ಥೆಯನ್ನೂ ಆನ್ ಮಾಡಿಸಿದ್ದೆ. ಕೊನೆಗೆ ಒಂದು ತಂತಿಬೀಗ ತರಿಸಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬ್ಯಾಗಿನ ಹಿಡಿಯಲ್ಲಿ ತೂರಿಸಿ, ಅಜ್ಜಿಯ ಕಾಲದ ಬೀಟೆ ಮಂಚದ ಕಾಲಿಗೆ ಬಿಗಿದೆ. ನಾಲ್ಕು ಜನ ಸೇರಿದರೂ ಜರುಗದ ಮಂಚ.

ಕಳ್ಳ ಮಂಚವನ್ನು ಜರುಗಿಸಿರಲಿಲ್ಲ. ಒಂದು ಮೂಲೆಯನ್ನು ನಾಲ್ಕು ಬೆರಳು ಎತ್ತಿ, ಕಾಲಿನ ಕೆಳಗಿಂದ ಕುಣಿಕೆ ಜಾರಿಸಿಕೊಂಡು, ಬೀಗದ ಸಮೇತ ಹೋಗಿದ್ದ.

"ದೊಡ್ಡಮ್ಮಾ, ಪೆನ್‌ಡ್ರೈವಿಗೆ ಕಾಪಿ ಮಾಡಿದ್ರಲ್ಲ?" ಎಂದಳು ತಂಗಿಯ ಮಗಳು.

"ಆಫ್ ಕೋರ್ಸ್. ಮಾಡಿದ್ದೆ."

"ಸದ್ಯ! ಎಲ್ಲಿಟ್ಟಿದ್ದೀರಿ?"

"ಅದೇ ಬ್ಯಾಗಿನ ಸೈಡ್ ಪಾಕೆಟ್ಟಿನಲ್ಲಿ."

"ನೀವು ನಿಜವಾಗ್ಲೂ ಮಕ್ಕಳಿಗೆ ಪಾಠ ಹೇಳ್ತಿದ್ರಾ?"

ಹೋದದ್ದು ಬರೀ ಯಂತ್ರವಾಗಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಅದರೊಳಗೆ ಒಂದು ದನಿ ಇತ್ತು. ಕಾಡಂಚಿನ ಆದಿವಾಸಿ ಹಾಡಿಯ ಹೆಂಗಸೊಬ್ಬಳದು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಹುಡುಗಿಯಾಗಿದ್ದಾಗಿನಿಂದ ನಮ್ಮ ಗದ್ದೆಯಲ್ಲಿ ನಾಟಿ ಮಾಡಿದವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳಿಗೆ ನಾನು ಟೀಚರಮ್ಮ. ಗಂಟಲಿಗೆ ಆಪರೇಷನ್ ಆಗಬೇಕು, ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದಾಗ ಒಂದು ತಿಂಗಳು ಅವಳನ್ನು ಕೂರಿಸಿಕೊಂಡು ನಾಟಿಯ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿದ್ದೆ. ಇಪ್ಪತ್ತಾರು ಹಾಡು. ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತು. ಪ್ರತಿ ಶುಕ್ರವಾರ ಬಂದು ಜಗಲಿಯಲ್ಲಿ ಕೂತು ತನ್ನದೇ ಹಾಡು ಕೇಳಿ, "ಆ ಹೆಂಗಸಿನ ಒಚ್ಚೆ ಚೆಂದುಂಟು" ಎಂದು ತನ್ನ ದನಿಯನ್ನು ಬೇರೆ ಯಾರದೋ ಎಂಬಂತೆ ಮೆಚ್ಚಿಕೊಂಡು ಹೋಗುತ್ತಿದ್ದಳು.

ಎರಡನೆಯ ದಿನ ಮ್ಯಾಪಿನಲ್ಲಿ ಚುಕ್ಕೆ ಕಾಣಿಸಿತು. ಮೈಸೂರಿನಲ್ಲಿ! ನನ್ನ ತಾತ ಬಿಟ್ಟುಬಂದ ಊರಿಗೆ ನನ್ನ ಲ್ಯಾಪ್‌ಟಾಪ್ ವಾಪಸ್ ಹೋಗಿತ್ತು. ನಮ್ಮ ಠಾಣೆಯ ರೈಟರ್ ಚುಕ್ಕೆ ನೋಡಿ ಪೆನ್ನಿನ ಮುಚ್ಚಳ ಹಾಕಿದ. "ಟೀಚರೇ, ಇದ್ ಕರ್ಣಾಟಕ ಆಣಲ್ಲೋ." ಕರ್ನಾಟಕವಾದರೆ ಅವನ ಕೆಲಸವಲ್ಲ. ದೋಣಿ ಹತ್ತಿ ಹೊಳೆಯಾಚೆಯ ಠಾಣೆಗೂ ಹೋದೆ.

"ಅಮ್ಮಾ, ಕಳ್ತನ ಆಗಿರೋದು ಕೇರಳದಲ್ಲಿ. ನಾವು ಹೊಳೆ ದಾಟಂಗಿಲ್ಲ."

"ಲ್ಯಾಪ್‌ಟಾಪ್ ದಾಟಿದೆಯಲ್ಲಪ್ಪ?"

"ಅದಕ್ಕೆ ಪರ್ಮಿಷನ್ ಬೇಡ ಕಣಮ್ಮ."

ಆ ಶುಕ್ರವಾರ ಅಕ್ಕ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಮೈಸೂರೂ ಇಲ್ಲ, ಮಣ್ಣೂ ಇಲ್ಲ ಟೀಚರಮ್ಮ. ನನ್ ಸೊಸೆ ಫೋನಿಗೆ ಹೊಳೆಯಾಚೆ ಸಿಮ್ಮು. ಇಲ್ಲಿ ಮಳೆ ಹೊಡೀತಿದ್ರೂ ಅದು ಮೈಸೂರ ಬಿಸಿಲು ತೋರಿಸ್ತದೆ. ನಿಮ್ಮ ಪೆಟ್ಟಿಗೇನೂ ಅಂಥದೇ ಒಂದು ಸಿಮ್ಮಿನ ಹತ್ರ ಕೂತದೆ. ಇಲ್ಲೇ ಹುಡುಕಿ."

ಬ್ಯಾಂಕಿನ ಪಂಡಿತೆಗೆ ಫೋನ್ ಮಾಡಿ ಕೇಳಿದೆ. "ಅಯ್ಯೋ, ಅವರು ಹೇಳಿದ್ದು ಸರಿ ದೊಡ್ಡಮ್ಮ, ಯಾವ ಸಿಮ್ಮಿಂದ ನೆಟ್ ಸಿಗುತ್ತೋ ಆ ಸಿಮ್ಮಿನ ಊರನ್ನೇ ಮ್ಯಾಪ್ ತೋರಿಸಿಬಿಡುತ್ತೆ" ಎಂದಳು. ಎರಡು ಠಾಣೆ, ಒಂದು ಬ್ಯಾಂಕು, ಒಂದು ಕಾನ್ವೆಂಟು ಸೇರಿಯೂ ಕಾಣದ್ದನ್ನು ಸ್ಕೂಲಿನ ಮೆಟ್ಟಿಲು ಹತ್ತದವಳು ಕಂಡಿದ್ದಳು. ಸೀರಿಯಲ್ ನಂಬರನ್ನು ಚೀಟಿಗಳಲ್ಲಿ ಬರೆದು ಬತ್ತೇರಿಯಿಂದ ಕೇಣಿಚಿರದವರೆಗೆ ನಮ್ಮ ಸುತ್ತಲಿನ ಪೇಟೆಗಳ ರಿಪೇರಿ ಅಂಗಡಿಗಳಿಗೆಲ್ಲ ಹಂಚಿ ಬಂದೆ.

ಮೂರೇ ದಿನಕ್ಕೆ ಕೇಣಿಚಿರದ ಅಂಗಡಿಯವನ ಫೋನ್. "ಟೀಚರೇ, ನಂಬರ್ ಕರೆಕ್ಟ್! ಸಾಧನ ಇಲ್ಲುಂಟು!" ಹೋದೆ. ಅವನ ಫೋನಿನಲ್ಲಿದ್ದದ್ದು ಮೈಸೂರಿನ ಸಿಮ್ಮೇ. "ತಂದವನು ಪಾಸ್‌ವರ್ಡ್ ಮರೆತೆ ಅಂದ, ಮತ್ತೆ ಈ ಕಡೆ ಬರ್ಲೇ ಇಲ್ಲ. ನಿಮ್ಮ ಚೀಟಿ ಬರೋ ಮುಂಚೆನೇ ಎಲ್ಲಾ ಅಳಿಸಿ ಹೊಸದು ಹಾಕ್ಬಿಟ್ಟಿದ್ದೆ. ನೋಡಿ, ಕ್ಲೀನ್! ಟೀಚರ್‌ಗೆ ಅಂತ ಸ್ಕ್ರೀನೂ ಒರೆಸಿದ್ದೀನಿ."

ಬ್ಯಾಗೂ ಇಲ್ಲ, ಪೆನ್‌ಡ್ರೈವೂ ಇಲ್ಲ. ತಂತಿಬೀಗ ಮಾತ್ರ, ಬ್ಯಾಗಿನ ಕೊಯ್ದ ಹಿಡಿಯ ಸಮೇತ, ಲ್ಯಾಪ್‌ಟಾಪಿನಲ್ಲಿ ಭದ್ರವಾಗಿತ್ತು. ಅದನ್ನು ಯಾರೂ ಮುರಿದಿರಲಿಲ್ಲ. ಊರೆಲ್ಲ ಬಂದು ಕಂಗ್ರಾಜುಲೇಶನ್ಸ್ ಹೇಳಿತು. ರೈಟರ್, ಸ್ವತ್ತು ಸಿಕ್ಕಿದೆ ಎಂದು ಬರೆದು ನನ್ನ ಸಹಿ ಹಾಕಿಸಿಕೊಂಡ. ಹಾಕಿದೆ, ದುಂಡಗೆ.

ಮುಂದಿನ ಶುಕ್ರವಾರ ಅಕ್ಕನಿಗೆ ಹೇಗೆ ಹೇಳುವುದೆಂದು ರಿಹರ್ಸಲ್ ಮಾಡಿಕೊಂಡಿದ್ದೆ. "ಅಕ್ಕ, ಪೆಟ್ಟಿಗೆ ಬಂತು, ಹಾಡು ಬರಲಿಲ್ಲ" ಎಂದಷ್ಟೇ ಹೊರಟಿತು. ಅವಳು ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಳು. ಆಮೇಲೆ ಅವಳ ಭುಜ ಕುಣಿಯತೊಡಗಿತು. ನಗುತ್ತಿದ್ದಳು.

"ನಿಮಗೆ ಬಾಯಿಲ್ಲವಾ? ನಾನು ಹೇಳ್ತೀನಿ, ನೀವು ಹಾಡಿ."

ಹಾಡಿದೆ. ನನ್ನದು ಕಾನ್ವೆಂಟ್ ಕ್ವಾಯರಿನ ದನಿ. ಮೊದಲ ಸಾಲಿಗೇ ನನ್ನ ಮಂಡಿಯ ಮೇಲೆ ಪಟ್ ಎಂದು ಏಟು ಬಿತ್ತು. "ಚರ್ಚಿನ ಹಾಡು ಮಾಡ್ಬ್ಯಾಡಿ. ಇದು ಕೆಸರಲ್ಲಿ ಸೊಂಟ ಬಗ್ಗಿಸಿ ಹಾಡೋದು. ಬಗ್ಗಿ!" ಎಪ್ಪತ್ತನಾಲ್ಕು ವರ್ಷದ ರಿಟೈರ್ಡ್ ಟೀಚರ್ ಜಗಲಿಯಲ್ಲಿ ಬಗ್ಗಿ ನಿಂತು ಹಾಡಿದ್ದನ್ನು ದಾರಿಹೋಕರೆಲ್ಲ ನಿಂತು ನೋಡಿದರು. ಮೂರು ಶುಕ್ರವಾರದಲ್ಲಿ ಐದು ಹಾಡು ಅವಳಿಗೆ ಒಪ್ಪಿಗೆಯಾದವು.

ಆರನೆಯದು ಅರ್ಧವಾಗಿದ್ದಾಗ ಅವಳ ಗಂಟಲು ಮತ್ತೆ ಊದಿಕೊಂಡಿತು. ಆಸ್ಪತ್ರೆಗೆ ಒಯ್ಯಲು ಸೊಸೆ ಜೀಪು ತರಿಸಿದಳು. ನಾನು ರಸ್ತೆಗೆ ಹೋದೆ. ಅಕ್ಕ ಕಿಟಕಿಯಿಂದ ಹಾಡಿ ಎಂದು ಸನ್ನೆ ಮಾಡಿದಳು. ಡ್ರೈವರ್ ಎದುರಿಗೇ ಸಣ್ಣ ದನಿಯಲ್ಲಿ ಹಾಡಿದೆ. ಎರಡನೆಯ ಸಾಲಿಗೆ ಅವಳು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿ, ಕೈ ಎತ್ತಿ ತನ್ನ ಮಂಡಿಗೆ ತಾನೇ ಒಂದೇಟು ಹಾಕಿಕೊಂಡಳು. ಜೀಪು ಹೊರಟಿತು. ಎಲ್ಲಿ ತಪ್ಪಿದೆ ಎಂದು ಕೇಳಲು ಅವಳು ಮತ್ತೆ ನನಗೆ ಸಿಗಲಿಲ್ಲ.